ಬಿಳಿಚಿದ ಉಂಗುರ

ಕೆಂಚಕ್ಕ ಆ ದಿನ ಜಗಳಕ್ಕೆಂದೇ ಬಂದಿದ್ದಳು. ಅಂಗಳದಲ್ಲಿ ಬುಟ್ಟಿ ಇಳಿಸುವ ಮೊದಲೇ ಬಾಯಿ ತೆಗೆದಳು.

"ಸಾಬ್ರೇ, ನಿಮ್ಮ ಮಾತು ನಂಬಿ ಆ ಅಂಗ್ಡಿಗೆ ಹೋದೆ. ನೋಡ್ರಿ ಇದನ್ನ. ಬಂಗಾರ ಅಂತೆ, ಬಂಗಾರ! ನಿಮ್ಮ ಅಕ್ಕಸಾಲಿ ನನ್ನ ಮೊಮ್ಮಗಳಿಗೆ ತವರ ಸುತ್ತಿ ಕೊಟ್ಟವ್ನೆ."

"ತಡಿಯಮ್ಮಾ, ಉಸಿರು ತಗೋ. ಎಲ್ಲಿ, ಕೊಡು ಇಲ್ಲಿ," ಎಂದರು ನನ್ನ ಮಾವ ಬುಡೇನ್ ಸಾಬ್.

ನಾನು ಒಳಕೋಣೆಯಲ್ಲಿ ಪರದೆಯ ಹಿಂದೆ ಕೂತಿದ್ದೆ. ಎರಡು ಸಾವಿರದ ಒಂದನೇ ಇಸವಿ, ಚಳಿಗಾಲ. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ನಮ್ಮದು ಮುಂದೆ ಗ್ಯಾರೇಜು, ಹಿಂದೆ ಮನೆ. ನನ್ನ ಗಂಡ ಅಫ್ಜಲ್ ತೀರಿಕೊಂಡದ್ದು ಆ ಗ್ಯಾರೇಜಿನಲ್ಲೇ. ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದಾಗ ಜಾಕ್ ಜಾರಿತು. ನಮ್ಮಲ್ಲಿ ಗಂಡ ಸತ್ತ ಹೆಂಗಸು ನಾಲ್ಕು ತಿಂಗಳಿಗೂ ಮೇಲೆ ಮನೆಯ ಹೊಸ್ತಿಲು ದಾಟುವುದಿಲ್ಲ. ಅದಕ್ಕೆ ಇದ್ದತ್ ಎನ್ನುತ್ತಾರೆ. ನನ್ನದು ಅರ್ಧ ಕಳೆದಿತ್ತು.

ನಾನು ಅತ್ತಿರಲಿಲ್ಲ. ನನ್ನ ಅತ್ತೆ ಸುಗ್ರಾ ಬೀ, ನಾನು ಅಮ್ಮಿ ಎನ್ನುವವರು, ಇದ್ದೊಬ್ಬ ಮಗನನ್ನು ಕಳೆದುಕೊಂಡವರು, ನನ್ನ ಪಾಲಿನದನ್ನೂ ತಾವೇ ಅತ್ತರು. ತಟ್ಟೆಗೆ ಹಾಕಿದ್ದನ್ನು ತಿನ್ನುತ್ತಿದ್ದೆ. ಉಪ್ಪೋ ಸಪ್ಪೆಯೋ ತಿಳಿಯುತ್ತಿರಲಿಲ್ಲ. "ಒಂದು ಮಾತಾಡು ಕೌಸರ್. ಬೈಯೋದಾದ್ರೆ ಬೈಯಿ," ಎನ್ನುತ್ತಿದ್ದರು. ಯಾರನ್ನು ಬೈಯುವುದು ಎಂದೂ ನನಗೆ ತೋಚುತ್ತಿರಲಿಲ್ಲ.

ಕೆಂಚಕ್ಕ ಒಲೆ ಮಾರುವವಳು. ಗಿರಣಿಹಟ್ಟಿಯಿಂದ ಬಸ್ಸಿನ ಮೇಲೆ ಮಣ್ಣಿನ ಒಲೆ ಹೇರಿಕೊಂಡು ಬರುತ್ತಿದ್ದಳು. ಮನೆಯಲ್ಲಿ ಗ್ಯಾಸ್ ಬಂದ ಮೇಲೂ ಅಮ್ಮಿ ರಂಜಾನಿಗೆ ಮುಂಚೆ ಅವಳ ಹತ್ತಿರ ಒಂದು ಒಲೆ ಕೊಳ್ಳುವುದನ್ನು ಬಿಟ್ಟಿರಲಿಲ್ಲ. ಬಿರಿಯಾನಿಯ ದೊಡ್ಡ ಪಾತ್ರೆ, ದೇಗ್ಚಿ, ಇಟ್ಟರೂ ಜಗ್ಗದ ಒಲೆ, ಬಿರುಕು ಬಿಡದ ಒಲೆ ಎಂದು ಊರಿಗೆಲ್ಲ ಹೇಳುತ್ತಿದ್ದರು. ಮನೆಯೊಳಗೆ ನಮ್ಮ ಮಾತು ಉರ್ದು. ಕೆಂಚಕ್ಕ ಬಂದಳೆಂದರೆ ಅಮ್ಮಿ ಕನ್ನಡಕ್ಕೆ ತಿರುಗಿ, ದನಿ ಎರಡು ಪಟ್ಟು ಏರಿಸುತ್ತಿದ್ದರು.

ಅಬ್ಬಾ, ಎಂದರೆ ನನ್ನ ಮಾವ, ಉಂಗುರವನ್ನು ಅಂಗಿಯ ತೋಳಿಗೆ ಉಜ್ಜುತ್ತಿದ್ದುದು ಪರದೆಯ ಸಂದಿನಲ್ಲಿ ಕಂಡಿತು. ಕೂಸಿನ ಬೆರಳಿನ ಪುಟ್ಟ ಉಂಗುರ. ಉಜ್ಜಿದಷ್ಟೂ ಬೆಳ್ಳಿಯ ಹಾಗೆ ಹೊಳೆಯಿತು.

"ತವರ ಅಲ್ಲ ಇದು. ತೂಕ ಬಂಗಾರದ್ದೇ," ಎಂದರು.

"ಬಂಗಾರ ಬೆಳ್ಳಗೆ ಇರ್ತೈತಾ ಸಾಬ್ರೇ? ನನಗೂ ಕಣ್ಣವೆ."

"ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ ಆ ಮನುಷ್ಯನ್ನ. ಮೋಸ ಮಾಡೋನಲ್ಲ. ಈಗ್ಲೇ ಬ್ಲೋ ಲ್ಯಾಂಪ್ ಹಚ್ಚಿ ತೋರಿಸ್ತೀನಿ. ಕಾಯಿಸಿದ್ರೆ ಹಣೆಬರಹ ಗೊತ್ತಾಗ್ತೈತೆ." ಅವರು ಗ್ಯಾರೇಜಿನ ಕಡೆ ನಡೆದರು.

ಜಗಳಕ್ಕೆ ಎದುರಾಳಿ ಇಲ್ಲದೆ ಕೆಂಚಕ್ಕ ಕಟ್ಟೆಯ ಮೇಲೆ ಕುಸಿದಳು. ಅಮ್ಮಿ ಚಾ ಕೊಟ್ಟರು. ಅವಳು ಬಸಿ ತಟ್ಟೆಗೆ ಸುರಿದುಕೊಳ್ಳುವಾಗ ಅರ್ಧ ಚಾ ಸೀರೆಯ ಮೇಲೆ ಚೆಲ್ಲಿತು.

"ಉಂಗುರ ಹೋಗ್ಲಿ ಬಿಡು ಬೀಬಮ್ಮ," ಎಂದಳು, ದನಿ ಇಳಿಸಿ. "ನನ್ನ ಸೊಸೆ ನನ್ನ ಕೈ ತಪ್ಪಿ ಹೋಗ್ತಾಳೇನೋ ಅಂತ ಭಯ ಹತ್ತೈತೆ. ರಾಧಮ್ಮಂಗೆ ತಾಯಿ ಇಲ್ಲ, ಗೊತ್ತಲ್ಲ ನಿಂಗೆ. ಅದಕ್ಕೆ ಬಾಣಂತನ ನಾನೇ ಹಿಡಿದೆ. ಏನು ಕಮ್ಮಿ ಮಾಡಿದೀನಿ? ಕಿಟಕಿಗೆ ಗೋಣಿ ಕಟ್ಟಿದೀನಿ, ಒಂದು ಎಳೆ ಗಾಳಿ ಬರಂಗಿಲ್ಲ. ಹೊತ್ತೂ ಹೊತ್ತೂ ಕೆಂಡ. ಆದ್ರೂ ಕೈ ನಡುಗ್ತೈತೆ, ಕೂಸನ್ನ ಎತ್ತಿ ಹಿಡ್ಕಳ್ಳಾಕೆ ಆಗವಲ್ದು. ಒಸಡು ಊದಿ ರಕ್ತ. ಬಾಯಾಗೆ ಜೊಲ್ಲು. ಕೂಸು ಕೆಮ್ಮತೈತೆ, ಮೊಲೆ ಹಿಡಿಯವಲ್ದು. ಹಟ್ಟಿಯೋರು ಗಾಳಿ ಸೋಕೈತೆ ಅಂತಾರೆ. ಮಗ ಮಾರುತೇಶ್ ಬೋರ್‌ವೆಲ್ ಲಾರಿ ಜೊತೆ ಆಂಧ್ರಕ್ಕೆ ಹೋದೋನು ಇನ್ನೂ ಬಂದಿಲ್ಲ."

ಕೈ ನಡುಕ. ಒಸಡು. ಜೊಲ್ಲು. ಬೆಳ್ಳಗಾದ ಬಂಗಾರ.

ಗ್ಯಾರೇಜಿನಲ್ಲಿ ಅಬ್ಬಾ ಬ್ಲೋ ಲ್ಯಾಂಪಿಗೆ ಗಾಳಿ ಹೊಡೆಯುವ ಸದ್ದು ಕೇಳಿಸುತ್ತಿತ್ತು. ಅದು ಹತ್ತಿಕೊಂಡು ಬುಸುಗುಟ್ಟಿತು. ನಾನು ಎದ್ದದ್ದು ನನಗೇ ತಿಳಿಯಲಿಲ್ಲ.

"ಅಬ್ಬಾ, ಬೇಡಿ! ಕಾಯಿಸಬೇಡಿ ಅದನ್ನ!"

ಅಮ್ಮಿಯ ಕೈಯಲ್ಲಿದ್ದ ಚಾ ಪಾತ್ರೆ ಅಲ್ಲೇ ನಿಂತಿತು. ಅಫ್ಜಲ್ ಹೋದ ಮೇಲೆ ನನ್ನ ದನಿಯನ್ನು ಅಷ್ಟು ಗಟ್ಟಿಯಾಗಿ ಅವರು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಬ್ಬಾ ಬ್ಲೋ ಲ್ಯಾಂಪ್ ಆರಿಸಿ ಬಂದರು. ನಾನು ಕೆಂಚಕ್ಕನ ಎದುರು ಕೂತೆ.

"ಈ ಉಂಗುರ ಎಲ್ಲಿತ್ತು, ಕೆಂಚಕ್ಕ?"

"ಕೂಸಿನ ಜೋಳಿಗೆ ತೊಟ್ಲ ಹಗ್ಗಕ್ಕೆ ಕಟ್ಟಿದ್ದೆ ಕಣವ್ವ. ಕೂಸಿನ ಬೆರಳಿಗೆ ಇನ್ನೂ ದೊಡ್ದಾಗ್ತಿತ್ತು."

"ಜೋಳಿಗೆ ಕೆಳಗೆ ಏನೈತೆ?"

"ಅಗ್ಗಿಷ್ಟಿಗೆ. ಇನ್ನೇನಿರ್ತೈತೆ? ಮಂಚದ ಪಕ್ಕ, ಇಬ್ರಿಗೂ ಶಾಖ ಆಗಂಗೆ."

"ಅದಕ್ಕೆ ಮಣ್ಣು ಎಲ್ಲೀದು?"

ಕೆಂಚಕ್ಕನ ಮುಖ ಒಂದು ಕ್ಷಣ ಅರಳಿತು. "ಹಳೇ ಗಿರಣಿ ದಿಬ್ಬದ್ದು, ನನ್ನ ಒಲೆಗೆಲ್ಲ ಅದೇ. ಹೋದ ಮಳೆಗೆ ಹಳ್ಳ ಬಂದು ದಿಬ್ಬ ಕೊಚ್ಕಂಡು ಹೋಯ್ತಲ್ಲ, ಅಡಿಯಾಗೆ ಬೂದಿಯಂಥ ಮಣ್ಣು ಸಿಕ್ತು. ಬೆಣ್ಣೆ ಇದ್ದಂಗೆ ಐತೆ. ಎಷ್ಟು ಕೆಂಡ ಸುರಿ, ಒಂದು ಗೆರೆ ಬಿಡಲ್ಲ. ಸೊಸೆಗೆ ಅಂತಾನೇ ಎತ್ತಿಟ್ಟಿದ್ದೆ."

"ಒಲೆಗಳನ್ನ ಮೊದಲು ಹೊರಗೆ ಸುಡ್ತೀಯಲ್ಲ. ಇದನ್ನೂ ಸುಟ್ಟಿದ್ಯಾ?"

"ಏ, ಎಲ್ಲಾದ್ರೂ ಉಂಟೇನವ್ವ! ಮಾರೋ ಒಲೇನ ಬಯಲಾಗೆ ಸುಡ್ತೀನಿ. ಬಾಣಂತಿ ಅಗ್ಗಿಷ್ಟಿಗೆನ ಹಸೀದೇ ಇಡಬೇಕು. ಅದಕ್ಕೆ ಮೊದಲ ಕೆಂಡ ಬಾಣಂತಿ ಕೋಣೆಯಾಗೇ ಬೀಳಬೇಕು. ನಮ್ಮ ಅತ್ತೆ ನಂಗೆ ಹಂಗೇ ಮಾಡಿದ್ಲು."

ಆ ದಿಬ್ಬ ನನಗೆ ಗೊತ್ತಿತ್ತು. ಅಫ್ಜಲ್ ಪರಿಚಯವಾದದ್ದೇ ಅದರಿಂದ. ಧಾರವಾಡದಲ್ಲಿ ಮಣ್ಣು ವಿಜ್ಞಾನ ಓದುವಾಗ ನಾನು ಆ ಹಳ್ಳದ ಬಯಲನ್ನೇ ಅಭ್ಯಾಸಕ್ಕೆ ಆರಿಸಿಕೊಂಡಿದ್ದೆ. ಬ್ರಿಟಿಷರ ಕಾಲದಲ್ಲಿ ಮೇಲಿನ ಗುಡ್ಡದಲ್ಲಿ ಬಂಗಾರದ ಗಣಿ ಇತ್ತು, ಕಲ್ಲು ಕುಟ್ಟುವ ಗಿರಣಿ ಹಳ್ಳದ ದಂಡೆಯಲ್ಲಿತ್ತು. ಕುಟ್ಟಿದ ಪುಡಿಗೆ ಪಾದರಸ ಸೇರಿಸಿದರೆ ಅದು ಬಂಗಾರದ ಕಣಗಳನ್ನು ಹಿಡಿದುಕೊಳ್ಳುತ್ತದೆ. ಕಾಯಿಸಿದರೆ ಪಾದರಸ ಆವಿಯಾಗಿ ಹೋಗಿ ಬಂಗಾರ ಉಳಿಯುತ್ತದೆ. ಕಂಪನಿಯವರು ಬಂಗಾರ ತೆಗೆದುಕೊಂಡು ಹೋದರು. ತೊಳೆದು ಚೆಲ್ಲಿದ ಬೂದು ಮಣ್ಣು ಮಾತ್ರ, ತನ್ನೊಳಗಿನ ಪಾದರಸದ ಸಮೇತ, ನೆರೆ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಇಳಿದು ಬಯಲಿನ ಹೊಲಗಳಿಗೆ ಹರಡಿತು. ಅಫ್ಜಲ್ ತಾನು ಬಾಡಿಗೆಗೆ ಓಡಿಸುತ್ತಿದ್ದ ಜೀಪಿನಲ್ಲಿ ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ. ನಾನು ಗುಂಡಿ ತೋಡಿ ಮಣ್ಣು ಚೀಲಕ್ಕೆ ತುಂಬುವಾಗ, "ಮಣ್ಣಿಗೆ ಜ್ವರ ಎಷ್ಟಿದೆ ಡಾಕ್ಟರೇ?" ಎಂದು ಕೇಳುತ್ತಿದ್ದ.

ಬಯಲಿನ ಮಣ್ಣಿನಲ್ಲಿ ಪಾದರಸ ಸಿಕ್ಕಿತ್ತು. ಬಾವಿಯ ನೀರಿನಲ್ಲಾಗಲಿ, ಜೋಳದ ಕಾಳಿನಲ್ಲಾಗಲಿ ಹೇಳಿಕೊಳ್ಳುವಷ್ಟು ಇರಲಿಲ್ಲ. ಮಣ್ಣು ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿದೆ ಎಂದು ಎಲ್ಲರೂ ಸಮಾಧಾನಪಟ್ಟಿದ್ದೆವು. ಅದು ನಿಜವೂ ಹೌದು. ಆದರೆ ಹೊಲಕ್ಕೆ ಯಾರೂ ಕೆಂಡ ಸುರಿಯುವುದಿಲ್ಲ.

"ಕೆಂಚಕ್ಕ, ಅಕ್ಕಸಾಲಿಯದು ತಪ್ಪಿಲ್ಲ," ಎಂದೆ. "ಆ ಮಣ್ಣಲ್ಲಿ ಪಾದರಸ ಐತೆ. ಬಿಸಿಯಾದ ಕೂಡಲೇ ಹೊಗೆಯಂಗೆ ಮೇಲೇಳ್ತೈತೆ. ಕಣ್ಣಿಗೆ ಕಾಣಲ್ಲ, ವಾಸನೆ ಇಲ್ಲ. ಉಂಗುರಕ್ಕೆ ಹತ್ತಿದ್ದು ಅದೇ. ರಾಧಮ್ಮ, ಕೂಸು ಇಬ್ಬರೂ ಕುಡೀತಿರೋ ಉಸಿರಲ್ಲೂ ಅದೇ ಐತೆ. ಅವರು ಈಗಲೇ ಆ ಕೋಣೆಯಿಂದ ಹೊರಗೆ ಬರಬೇಕು."

ಅವಳು ನನ್ನ ಮುಖವನ್ನೇ ನೋಡಿದಳು. "ನಾನೇ ಮಾಡಿದ್ದು ಕಣವ್ವ ಅದನ್ನ," ಎಂದಳು. "ಮೂರು ಸಲ ಮೆತ್ತಿ ನುಣ್ಣಗೆ ಮಾಡಿದ್ದೆ."

ಅಮ್ಮಿ ಅವಳ ಭುಜ ಹಿಡಿದು ಎಬ್ಬಿಸಿದರು. "ಅಳೋದು ಆಮೇಲೆ. ಈಗ ನಡಿ. ಕೌಸರ್, ಏನು ಮಾಡಬೇಕು ಹೇಳು. ನಾನು, ಅಬ್ಬಾ ಹೋಗಿ ಬರ್ತೀವಿ."

"ಅದನ್ನು ಒಳಗೇ ಒಡೆದರೆ ಕೆಲಸ ಕೆಟ್ಟಿತು ಅಮ್ಮಿ. ಕೆಂಡಕ್ಕೆ ನೀರು ಸುರಿದರೆ ಇನ್ನೂ ಕೆಟ್ಟದ್ದು. ಕಸಪೊರಕೆಯಲ್ಲಿ ಬೂದಿ ಗುಡಿಸಬಾರದು. ಆಸ್ಪತ್ರೆಯಲ್ಲೂ ಏನಾಗಿದೆ ಅಂತ ಹೇಳಬೇಕು, ಇಲ್ಲದಿದ್ದರೆ ಬಾಣಂತಿ ನಂಜು ಅಂತ ಔಷಧಿ ಬರೆದು ಕಳಿಸ್ತಾರೆ." ನಾನೂ ಬರುತ್ತೇನೆ ಎನ್ನುವ ಮಾತು ಬಾಯಿಯವರೆಗೆ ಬಂದು ನಿಂತಿತು.

ಅಬ್ಬಾ ಅದನ್ನು ನನ್ನ ಮುಖದಲ್ಲೇ ಓದಿಕೊಂಡರು. "ಇದ್ದತ್‌ನಲ್ಲಿರೋ ಸೊಸೆನ ಹಗಲು ಹೊತ್ತಲ್ಲಿ ಜೀಪಿಗೆ ಹತ್ತಿಸಿದ್ರೆ ಮೊಹಲ್ಲಾದೋರು ಏನಂತಾರೆ?" ಎಂದು ಉರ್ದುವಿನಲ್ಲಿ ಕೇಳಿದರು. ಬೈಗುಳವಾಗಿ ಅಲ್ಲ, ನಿಜವಾಗಿಯೂ ಕೇಳಿದರು.

ಅಮ್ಮಿ ಗೂಟದಿಂದ ತಮ್ಮದೇ ಬುರ್ಖಾ ತೆಗೆದು ನನ್ನ ಕೈಗೆ ಕೊಟ್ಟರು.

"ಮೊಹಲ್ಲಾಕ್ಕೆ ನಾನು ಜವಾಬು ಕೊಡ್ತೀನಿ. ಜೀವ ಉಳಿಸೋಕೆ ಹೋದೋಳನ್ನ ಮೇಲಿರೋನು ಬಾಗಿಲಲ್ಲಿ ನಿಲ್ಲಿಸಿ ಕೇಳಲ್ಲ. ನನ್ನ ಮಗನ ಹೆಂಡತಿ ಇವತ್ತು ಬಾಯಿ ಬಿಟ್ಟಿದ್ದಾಳೆ. ಮತ್ತೆ ಮುಚ್ಚಿಸೋ ಕೆಲಸ ನನ್ನಿಂದ ಆಗಲ್ಲ. ಜೀಪು ತೆಗೀರಿ."

ಅವರು ಹಾಗೆ ಹೇಳದಿದ್ದರೆ ನಾನು ಪರದೆಯ ಹಿಂದೆ ಹೋಗಿ ಕೂರುತ್ತಿದ್ದೆ. ಅದು ನನಗೆ ಗೊತ್ತು.

ದಾರಿಯಲ್ಲಿ ಹುಲ್ಲು ಒಣಗಿ ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಕುರಿ ಮಂದೆಯೊಂದು ರಸ್ತೆ ದಾಟುವವರೆಗೆ ನಿಂತೆವು. ಕೆಂಚಕ್ಕ ಜೀಪಿನಿಂದಿಳಿದು ಕುರಿಗಳನ್ನು ಕೈಯಿಂದ ತಳ್ಳಿದಳು. ಅಮ್ಮಿ ತಸ್ಬಿಯ ಜಪಮಣಿ ಎಣಿಸುತ್ತಿದ್ದರು. ಬಿಸಿಲು ನನ್ನ ಕೈ ಮೇಲೆ ಬಿತ್ತು. ಅಷ್ಟು ದಿನಗಳ ಮೇಲೆ ಅದು ಬಿಸಿಲು ಎಂದು ತಿಳಿಯಿತು.

ಗಿರಣಿಹಟ್ಟಿಯ ಆ ಮನೆಯ ಬಾಗಿಲಲ್ಲಿ ಸೂಲಗಿತ್ತಿ ದುರುಗಕ್ಕ ಕೂತಿದ್ದಳು. ಒಳಗಿನಿಂದ ಸಾಂಬ್ರಾಣಿ, ಬೆಳ್ಳುಳ್ಳಿ, ಬೆವರಿನ ವಾಸನೆ. ಅವಳು ಕಾಲು ಚಾಚಿ ಹೊಸ್ತಿಲಿಗೆ ಅಡ್ಡ ಇಟ್ಟಳು.

"ನಿಂತ್ಕಳ್ರಿ. ಈ ಹುಡುಗಿ ಯಾರು? ಆ ಗ್ಯಾರೇಜಿನ ಹುಡುಗನ ಹೆಂಡ್ತಿ ಅಲ್ವಾ? ಏ ಕೆಂಚಿ, ನಿನಗೆ ತಲೆ ನೆಟ್ಟಗೈತಾ? ಗಂಡ ಸತ್ತು ಇನ್ನೂ ಮನೆ ಬಿಟ್ಟು ಹೊರಗೆ ಬರದೋಳನ್ನ ಹಸಿ ಬಾಣಂತಿ ಕೋಣೆಗೆ ಕರ್ಕಂಡು ಬಂದೀಯಲ್ಲ!"

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಮ್ಮಿಯನ್ನು ಒಳಗೆ ಕಳಿಸಿ, ಹೊರಗಿನಿಂದಲೇ ಹೇಳಿಕೊಡಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ಕೆಂಚಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಾನ್ಯಾರೇ? ನಾನೂ ಮುಂಡೇನೇ. ಹೆರಿಗೆ ಹೊತ್ತಲ್ಲಿ ಅವಳ ಬೆನ್ನು ಹಿಡಿದೋಳು ನಾನು. ನೀನೂ ಮುಂಡೇನೇ. ಹೊಕ್ಕುಳ ಕೊಯ್ದೋಳು ನೀನು. ಆವಾಗ ಇಲ್ಲದ ಮೈಲಿಗೆ ಈಗೆಲ್ಲಿಂದ ಬಂತು? ಮೂರು ಮುಂಡೇರು ಬಾಗಿಲಾಗೆ ನಿಂತು ಪಂಚಾಯ್ತಿ ಮಾಡೋ ಹೊತ್ತಿಗೆ ಒಳಗಿರೋ ಮುತ್ತೈದೆ ಉಸಿರು ನಿಲ್ತೈತೆ. ಎತ್ತು ಕಾಲು!"

ದುರುಗಕ್ಕ ಕಾಲು ಎತ್ತಿದಳು.

ಒಳಗೆ ಕತ್ತಲೆ, ಉಸಿರು ಕಟ್ಟುವ ಶಾಖ. ಮೊದಲು ಕಿಟಕಿಯ ಗೋಣಿ ಕಿತ್ತೆ. ಬೆಳಕು ಬಿದ್ದಾಗ ಮಂಚದ ಮೇಲೆ ರಾಧಮ್ಮ ಕಂಡಳು. ನನಗಿಂತ ಚಿಕ್ಕವಳು. ಮೊಳಕಾಲ್ಮುರಿನ ಆಚೆಯ ಗಡಿ ಹಳ್ಳಿಯವಳು, ನೋವಿನಲ್ಲಿ ಅವಳಿಗೆ ತವರಿನ ತೆಲುಗೇ ಬರುತ್ತಿತ್ತು. "ಅಕ್ಕಾ, ನೋರಂತಾ ಚೇದು," ಎಂದಳು. ಮತ್ತೆ ಕನ್ನಡದಲ್ಲಿ, "ಬಾಯೆಲ್ಲ ಕಹಿ. ತಾಮ್ರದ ಕಾಸು ಚೀಪಿದಂಗೆ," ಎಂದಳು. ಹೊದಿಕೆಯ ಮೇಲೆ ಅವಳ ಬೆರಳುಗಳು ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು.

ಅಮ್ಮಿ ಒಂದು ಕಡೆ, ಕೆಂಚಕ್ಕ ಇನ್ನೊಂದು ಕಡೆ ಹಿಡಿದು ಅವಳನ್ನು ಹೊರಗೆ ನಡೆಸಿದರು. ಅಬ್ಬಾ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಬಂದು, ಅಗ್ಗಿಷ್ಟಿಕೆಯ ಕಿವಿಗಳಿಗೆ ಗ್ಯಾರೇಜಿನ ಉದ್ದ ಸರಳು ತೂರಿಸಿ, ತುಂಬಿದ ಕೆಂಡದ ಸಮೇತ ಅಲುಗಾಡದಂತೆ ಎತ್ತಿ, ಗಾಳಿ ಆಚೆಗೆ ಬೀಸುವ ಬಯಲಿಗೆ ಒಯ್ದರು. ಅಲ್ಲೇ ಆರುವವರೆಗೆ ಯಾರೂ ಹತ್ತಿರ ಹೋಗದಂತೆ ಹಟ್ಟಿಯವನೊಬ್ಬನನ್ನು ದೂರದಲ್ಲಿ ಕಾವಲು ನಿಲ್ಲಿಸಿದರು. ಬೂದು ಬಣ್ಣದ, ಅಂಚಿಗೆ ಬೆರಳಲ್ಲಿ ಬಳ್ಳಿ ಬಿಡಿಸಿದ ಚಂದದ ಅಗ್ಗಿಷ್ಟಿಕೆ. ಒಂದು ಬಿರುಕೂ ಇರಲಿಲ್ಲ.

ಜೋಳಿಗೆಯಲ್ಲಿ ಕೂಸು ಉಳಿದಿತ್ತು. ಎಲ್ಲರ ಕೈಯಲ್ಲೂ ಏನೋ ಒಂದು ಇತ್ತು. ನಾನು ದುರುಗಕ್ಕನ ಕಡೆ ನೋಡಿದೆ. ಅವಳು ಕೂಸನ್ನು ಎತ್ತಿ ಬಟ್ಟೆ ಸುತ್ತಿದಳು. ಅವಳೇ ಹೊತ್ತುಕೊಂಡು ನಡೆಯುತ್ತಾಳೆ ಎಂದುಕೊಂಡೆ.

"ಹಿಡ್ಕ," ಎಂದಳು. "ತಲೆ ಕೆಳಗೆ ಕೈ ಕೊಡು. ಹಂಗಲ್ಲ. ಹಾಂ, ಹಂಗೆ."

ಚಳ್ಳಕೆರೆಯ ಆಸ್ಪತ್ರೆಯವರು ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ವೈದ್ಯೆ ನಾನು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿದರು. ಅದಕ್ಕೆ ನಾನು ಈಗಲೂ ಋಣಿ. ರಕ್ತ, ಮೂತ್ರ ಪರೀಕ್ಷೆಗೆ ಕಳಿಸಿದರು, ಪಾದರಸವನ್ನು ಮೈಯಿಂದ ಹೊರಗೆ ಹಾಕುವ ಔಷಧಿಯನ್ನು ಬೆಂಗಳೂರಿನಿಂದ ತರಿಸಿದರು. "ವಿಷದ ಜಾಗದಿಂದ ಹೊರಗೆ ತಂದದ್ದೇ ಅರ್ಧ ಔಷಧಿ," ಎಂದರು. ಚಾ ಚೆಲ್ಲಿದ್ದು ನೆನಪಾಗಿ, ಕೆಂಚಕ್ಕನ ಕೈಗಳನ್ನೂ ತೋರಿಸಿದೆ. ಬಯಲಿನಲ್ಲಿ ಒಲೆ ಸುಡುವಾಗ ಅದರ ಪಾದರಸವೆಲ್ಲ ಅಲ್ಲೇ ಹಾರಿಹೋಗುತ್ತಿತ್ತು, ಅವಳೂ ಪಕ್ಕದಲ್ಲೇ ಕೂತಿರುತ್ತಿದ್ದಳಲ್ಲ. ಅವಳಿಗೂ ಮಾತ್ರೆ ಬರೆದರು. "ನಂಗ್ಯಾಕೆ, ನಂದು ವಯಸ್ಸಿನ ನಡುಕ," ಎಂದು ಅವಳು ಗೊಣಗಿದಳು.

ಮರುದಿನ ಆಸ್ಪತ್ರೆಯ ಜಗಲಿಗೆ ದುರುಗಕ್ಕ ಬಂದಳು. ಗಂಟು ಬಿಚ್ಚಿ ಜೋಳದ ರೊಟ್ಟಿ, ಬಾಣಂತಿ ಖಾರ ತೆಗೆದಳು. ರಾಧಮ್ಮನಿಗೆ ಒಸಡಿನ ನೋವು, ತಿನ್ನಲಾಗದು. ದುರುಗಕ್ಕ ರೊಟ್ಟಿಗೆ ಖಾರ ಸವರಿ ನನ್ನ ಕೈಗಿಟ್ಟಳು.

"ತಿನ್ನು. ಕಡ್ಡಿ ಆಗೀಯ."

ಒಂದು ತುತ್ತು ಬಾಯಿಗಿಟ್ಟೆ. ಮೆಣಸು, ಬೆಳ್ಳುಳ್ಳಿ, ಒಣಶುಂಠಿ. ಬೆಂಕಿಯ ಹಾಗೆ ನಾಲಿಗೆಗೆ ಹತ್ತಿತು. ಗಂಟಲಿಗೆ ಇಳಿಯಿತು. ಕಣ್ಣಲ್ಲಿ ನೀರು ಬಂತು, ಮೂಗಲ್ಲಿ ನೀರು ಬಂತು, ನಿಲ್ಲಲೇ ಇಲ್ಲ.

ದುರುಗಕ್ಕ ಬಗ್ಗಿ ನನ್ನ ಮುಖ ನೋಡಿದಳು. "ಖಾರಕ್ಕೋ, ಇಲ್ಲಾ...?"

"ಖಾರಕ್ಕೆ," ಎಂದೆ.

"ಹಂಗಾದ್ರೆ ಇನ್ನೊಂದು ತಗೋ."

ಅಮ್ಮಿ ಬೆಂಚಿನ ಆ ತುದಿಯಲ್ಲಿ ಕೂತಿದ್ದರು. ನೋಡಿಯೂ ನೋಡದವರಂತೆ ಗೋಡೆಯ ಕಡೆ ತಿರುಗಿ ತಸ್ಬಿ ಎಣಿಸಿದರು.

ರಾಧಮ್ಮನ ಕೈ ನಿಧಾನವಾಗಿ ಸ್ಥಿರವಾಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ಅವಳು ಸೂಜಿಗೆ ದಾರ ಪೋಣಿಸಿ ತೋರಿಸಿದಳು. ಕೂಸು ಕೆಮ್ಮು ಬಿಟ್ಟು ಮೊಲೆ ಹಿಡಿಯಿತು, ಮೈ ಕೈ ತುಂಬಿಕೊಂಡಿತು. ವೈದ್ಯೆ ಅದರ ನಡಿಗೆ, ಮಾತು ಎಲ್ಲವನ್ನೂ ವರ್ಷಗಟ್ಟಲೆ ಗಮನಿಸಬೇಕು ಎಂದಿದ್ದಾರೆ. ಈಗ ಅದು ನಡೆಯುತ್ತದೆ. ಮಾತಂತೂ ಅಜ್ಜಿಯದೇ ಬಂದಿದೆ, ಬೈಗುಳದ ಸಮೇತ.

ನಾನು ಇದ್ದತ್‌ನ ಉಳಿದ ದಿನಗಳನ್ನು ಮನೆಯಲ್ಲೇ ಮುಗಿಸಿದೆ. ಮೊಹಲ್ಲಾದಲ್ಲಿ ಯಾರೋ ಏನೋ ಕೇಳಿದರಂತೆ. ಅಮ್ಮಿ ಏನು ಜವಾಬು ಕೊಟ್ಟರೋ ನನಗೆ ಹೇಳಲಿಲ್ಲ. ಮತ್ತೆ ಯಾರೂ ಕೇಳಲಿಲ್ಲ. ಆರಿದ ಅಗ್ಗಿಷ್ಟಿಕೆಯ ತುಂಡುಗಳನ್ನೂ ಉಂಗುರವನ್ನೂ ಗಾಜಿನ ಸೀಸೆಯಲ್ಲಿ ಮುಚ್ಚಿ ಧಾರವಾಡದ ನನ್ನ ಗುರುಗಳಿಗೆ ಕಳಿಸಿದೆ. ಅವರು ಪರೀಕ್ಷೆ ಮಾಡಿ, ಕಾಗದ ಬರೆಯುವ ಬದಲು ತಾವೇ ಬಂದರು. ಹಟ್ಟಿಯವರನ್ನು ಕೂರಿಸಿಕೊಂಡು ಮಾತಾಡಿದರು. ಹೊಲ ಉಳಬಹುದು, ಜೋಳ ಬೆಳೆಯಬಹುದು, ದಿಬ್ಬದ ಮಣ್ಣನ್ನು ಮಾತ್ರ ಮನೆಗೆ ತರಬಾರದು, ಬೆಂಕಿಗೆ ಒಡ್ಡಬಾರದು. ಹಟ್ಟಿಯವರು ದಿಬ್ಬದ ಸುತ್ತ ಜಾಲಿ ಮುಳ್ಳು ಹಾಕಿದರು. ದುರುಗಕ್ಕ ಸುತ್ತಲ ಹಳ್ಳಿಗಳ ಬಾಣಂತಿ ಕೋಣೆಗಳಲ್ಲೆಲ್ಲ ಈಗ ಮೊದಲು ಕಿಟಕಿ ತೆಗೆಸುತ್ತಾಳೆ, ಆಮೇಲೆ ಅಗ್ಗಿಷ್ಟಿಕೆಯ ಮಣ್ಣು ಎಲ್ಲಿಯದು ಎಂದು ಕೇಳುತ್ತಾಳೆ. ಅವಳು ಹೇಳಿದರೆ ಕೇಳುವಷ್ಟು ನಾನು ಹೇಳಿದರೆ ಯಾರೂ ಕೇಳುವುದಿಲ್ಲ.

ಗುರುಗಳು ಉಂಗುರವನ್ನು ಪ್ರಯೋಗಾಲಯದಲ್ಲಿ ಶುದ್ಧ ಮಾಡಿಸಿ ತಂದಿದ್ದರು. ಮತ್ತೆ ಹಳದಿಯಾಗಿತ್ತು. ಕೆಂಚಕ್ಕ ಅದನ್ನು ಹಿಡಿದು ಅಬ್ಬಾನ ಜೊತೆ ಪೇಟೆಗೆ ಹೋಗಿ, ಅಕ್ಕಸಾಲಿಯ ಮುಂದೆ ಒಂದು ಮೊರ ಹುಣಸೆಹಣ್ಣು ಇಟ್ಟಳು. "ನಿನ್ನ ಬಂಗಾರ ಬಂಗಾರವೇ ಕಣಪ್ಪ," ಎಂದಳಂತೆ. ಅವನು ತಲೆ ಬುಡ ತಿಳಿಯದೆ ಅಬ್ಬಾನ ಮುಖ ನೋಡಿದನಂತೆ.

ಅವಳು ಈಗ ಊರ ಮೇಲಿನ ಕೆರೆಯ ಮಣ್ಣು ತರುತ್ತಾಳೆ. ಗುರುಗಳು ಅದನ್ನೂ ಪರೀಕ್ಷಿಸಿ ಒಳ್ಳೆಯದೆಂದಿದ್ದಾರೆ. ಆದರೆ ಅದರಲ್ಲಿ ಗಿರಣಿಯಲ್ಲಿ ಕುಟ್ಟಿದ ನುಣ್ಣನೆಯ ಕಲ್ಲುಪುಡಿ ಇಲ್ಲ. ಒಲೆ ಬಿರುಕು ಬಿಡುತ್ತದೆ.

ನಾನು ಬೆಳಿಗ್ಗೆ ಕಾಲೇಜಿಗೆ ಪಾಠ ಮಾಡಲು ಹೊರಡುವ ಹೊತ್ತಿಗೆ ಅಮ್ಮಿ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಈ ವರ್ಷದ ಒಲೆಯ ಬಿರುಕುಗಳಿಗೆ ಒದ್ದೆ ಮಣ್ಣು ಮೆತ್ತುತ್ತಿರುತ್ತಾರೆ. ಕೆಂಚಕ್ಕನನ್ನು ಒಂದಿಷ್ಟು ಬೈಯುತ್ತಾರೆ. ರಂಜಾನಿಗೆ ಇನ್ನೊಂದು ಬೇಕೆಂದು ಅವಳಿಗೆ ಆಗಲೇ ಹೇಳಿ ಕಳಿಸಿದ್ದಾರೆ.